ಪಿಕೆಯು ಅಂತ ರಿಪೋರ್ಟ್ ಬಂದಿದೆ, ಮಗು ಚೆನ್ನಾಗಿಯೇ ಇದೆ. ಕಾದು ನೋಡಬಹುದಾ?

ಪ್ರಶ್ನೆ: ಡಾಕ್ಟ್ರೇ, ಮಗಳಿಗೆ ಇನ್ನೂ ಎರಡು ವಾರ ತುಂಬಿಲ್ಲ. ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಫಿನೈಲಲನಿನ್ ಎಂಬ ಪ್ರೋಟೀನ್ ಅಂಶ ತುಂಬಾ ಜಾಸ್ತಿ ಇದೆ. ಎರಡನೇ ಸಲ ನೋಡಿದಾಗಲೂ ಹಾಗೇ ಬಂತು. ಫಿನೈಲ್‌ಕೀಟೋನ್ಯೂರಿಯಾ, ಅಂದರೆ ಪಿಕೆಯು ಅಂದರು. ಮಗು ಚೆನ್ನಾಗಿ ಹಾಲು ಕುಡಿಯುತ್ತಾಳೆ, ನಿದ್ದೆ ಮಾಡುತ್ತಾಳೆ. ನಮ್ಮಿಬ್ಬರ ಕಡೆಯೂ ಯಾರಿಗೂ ಇದು ಇಲ್ಲ. ಸ್ವಲ್ಪ ದೊಡ್ಡವಳಾಗಲಿ ಅಂತ ಕಾಯಬಹುದಾ?

ಉತ್ತರ: ಬೇಡಮ್ಮ, ಒಂದು ವಾರವೂ ಕಾಯಬೇಡಿ. ಹುಟ್ಟಿದಾಗ ಈ ಮಕ್ಕಳೆಲ್ಲ ಚೆನ್ನಾಗಿಯೇ ಇರುತ್ತಾರೆ. ಹಾಲು, ಬೇಳೆ, ಮೊಟ್ಟೆ, ಮಾಂಸ, ಯಾವ ಪ್ರೋಟೀನ್ ತಗೊಂಡರೂ ಅದರಲ್ಲಿ ಫಿನೈಲಲನಿನ್ ಇರುತ್ತದೆ. ಲಿವರ್‌ನ ಒಂದು ಕಿಣ್ವ ಅದನ್ನು ಟೈರೋಸಿನ್ ಎಂಬ ಇನ್ನೊಂದು ಅಂಶವಾಗಿ ಬದಲಾಯಿಸಬೇಕು. ಪಿಕೆಯು ಇರುವವರಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ, ಅಥವಾ ಸಾಕಾಗುವಷ್ಟು ಮಾಡುವುದಿಲ್ಲ. ಹೊಟ್ಟೆಯಲ್ಲಿದ್ದಾಗ ಆ ಕೆಲಸವನ್ನು ನಿಮ್ಮ ದೇಹ ಮಾಡುತ್ತಿತ್ತು. ಈಗ ಹಾಲು ಕುಡಿದಷ್ಟೂ ರಕ್ತದಲ್ಲಿ ಅದು ಏರುತ್ತದೆ, ಬೆಳೆಯುತ್ತಿರುವ ಮಿದುಳಿಗೆ ಏಟು ಬೀಳುತ್ತದೆ. ಬೆಳವಣಿಗೆ ಹಿಂದೆ ಬೀಳುವುದು, ಫಿಟ್ಸ್, ಚರ್ಮದ ಮೇಲೆ ಎಕ್ಸಿಮಾ, ಕೂದಲಿನ ಬಣ್ಣ ತಿಳಿಯಾಗುವುದು, ಮೂತ್ರದಲ್ಲಿ ಮುಗ್ಗಲು ವಾಸನೆ, ಇವೆಲ್ಲ ಕಾಣುವುದಕ್ಕೆ ತಿಂಗಳುಗಳು ಬೇಕು. ಅಷ್ಟರಲ್ಲಿ ಮಿದುಳಿಗೆ ಆದ ಹಾನಿ ಪೂರ್ತಿ ವಾಪಸ್ ಬರುವುದಿಲ್ಲ.

1934ರಲ್ಲಿ ನಾರ್ವೆಯ ಡಾಕ್ಟರ್ ಫೋಲಿಂಗ್ ಇದನ್ನು ಮೊದಲು ಗುರುತಿಸಿದರು. ಬುದ್ಧಿ ಬೆಳೆಯದ ಇಬ್ಬರು ಮಕ್ಕಳ ತಾಯಿ, ಈ ವಾಸನೆ ಯಾಕೆ ಅಂತ ಬಿಡದೆ ಕೇಳಿದ್ದರು. ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಆ ಮಕ್ಕಳಿಗೆ ಆಗ ಚಿಕಿತ್ಸೆಯೇ ಇರಲಿಲ್ಲ. ನಿಮ್ಮ ಮಗಳಿಗೆ ಇದೆ. ಈಗಲೇ ಶುರು ಮಾಡಿ ಸರಿಯಾಗಿ ನಡೆಸಿಕೊಂಡು ಹೋದರೆ ಅವಳು ಎಲ್ಲರ ಹಾಗೆ ಓದಿ ಬೆಳೆಯುತ್ತಾಳೆ.

ಮನೆಯಲ್ಲಿ ಯಾರಿಗೂ ಇಲ್ಲ ಅಂದಿರಿ. ತಂದೆ ತಾಯಿ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಇದ್ದು, ಜೊತೆಗೆ ಒಳ್ಳೆಯದೂ ಇರುವುದರಿಂದ ಏನೂ ತೋರುವುದಿಲ್ಲ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಮುಂದಿನ ಪ್ರತಿ ಮಗುವಿಗೂ ಬರುವ ಸಾಧ್ಯತೆ 25 ಶೇಕಡಾ.

ಪ್ರಶ್ನೆ: ಹಾಗಾದರೆ ಎದೆಹಾಲು ನಿಲ್ಲಿಸಲೇಬೇಕಾ?

ಉತ್ತರ: ಪೂರ್ತಿ ಅಲ್ಲ. ಮಟ್ಟ ಇಳಿಸುವುದಕ್ಕೆ ಕೆಲವು ದಿನ ನಿಲ್ಲಿಸಲು ಹೇಳಬಹುದು, ಆಗ ಹಾಲು ಹಿಂಡಿ ತೆಗೆಯುತ್ತಿರಿ. ಆಮೇಲೆ ಫಿನೈಲಲನಿನ್ ಇಲ್ಲದ ಫಾರ್ಮುಲಾ ಜೊತೆ ಲೆಕ್ಕ ಹಾಕಿ ಎದೆಹಾಲು ಕೊಡುತ್ತಾರೆ. ಸೊನ್ನೆಗೆ ಇಳಿಸುವುದೂ ತಪ್ಪು. ಫಿನೈಲಲನಿನ್ ದೇಹವೇ ತಯಾರಿಸಿಕೊಳ್ಳುವುದಿಲ್ಲ, ಅದಿಲ್ಲದೆ ಮಗು ಬೆಳೆಯುವುದೂ ಇಲ್ಲ. ರಕ್ತದಲ್ಲಿ ಲೀಟರ್‌ಗೆ 120ರಿಂದ 360 ಮೈಕ್ರೋಮೋಲ್ ಒಳಗೆ ಇರಬೇಕು, ಅದಕ್ಕೇ ಪದೇ ಪದೇ ರಕ್ತ ತೆಗೆಯುವುದು. ಜ್ವರ ಬಂದು ಊಟ ಬಿಟ್ಟಾಗ ಜಾಸ್ತಿ ಹುಷಾರಾಗಿರಿ. ಆಗ ಮಗುವಿನ ಸ್ನಾಯುವೇ ಕರಗಿ ಮಟ್ಟ ಏರುತ್ತದೆ.

ಇನ್ನೊಬ್ಬರು: ಮೇಡಂ, ನನಗೂ ಪಿಕೆಯು ಇದೆ. ಡಯಟ್ ಬಿಟ್ಟು ವರ್ಷಗಳಾದವು, ಆರಾಮಾಗಿದ್ದೇನೆ. ಮದುವೆ ಗೊತ್ತಾಗಿದೆ. ಏನಾದರೂ ತೊಂದರೆ ಇದೆಯಾ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು ಕಣಮ್ಮ. ನೀವು ಗರ್ಭಿಣಿಯಾದಾಗ, ಹೊಟ್ಟೆಯಲ್ಲಿರುವ ಮಗುವಿಗೆ ಪಿಕೆಯು ಇಲ್ಲದಿದ್ದರೂ ನಿಮ್ಮ ರಕ್ತದ ಫಿನೈಲಲನಿನ್ ಅದಕ್ಕೆ ತಲುಪುತ್ತದೆ. ತಲೆ ಚಿಕ್ಕದಾಗುವುದು, ಹೃದಯದ ದೋಷ, ಬುದ್ಧಿ ಬೆಳವಣಿಗೆಗೆ ಪೆಟ್ಟು, ಎಲ್ಲವೂ ಆಗಬಹುದು. ಆದ್ದರಿಂದ ಗರ್ಭ ನಿಲ್ಲುವ ಮುಂಚೆಯೇ ಮಟ್ಟ 360ರ ಒಳಗೆ ಬಂದಿರಬೇಕು, ಹೆರಿಗೆವರೆಗೂ ಅಲ್ಲೇ ಇರಬೇಕು. ಡಯಟ್ ನಿಮ್ಮಷ್ಟಕ್ಕೆ ಶುರು ಮಾಡಬೇಡಿ, ಡಯಟಿಷಿಯನ್ ಬೇಕೇ ಬೇಕು. ಸಕ್ಕರೆ ಇಲ್ಲದ ಪಾನೀಯ, ಚ್ಯೂಯಿಂಗ್ ಗಮ್, ಕೆಲವು ಮಾತ್ರೆಗಳಲ್ಲಿ ಆಸ್ಪರ್ಟೇಮ್ ಇರುತ್ತದೆ, ಅದರಲ್ಲೂ ಫಿನೈಲಲನಿನ್ ಇದೆ. ಲೇಬಲ್ ಓದಿ. ಸ್ಯಾಪ್ರಾಪ್ಟೆರಿನ್ ಎಂಬ ಔಷಧಿ ಕೆಲವರಿಗೆ ಹಿಡಿಸುತ್ತದೆ, ನಿಮಗೆ ಹಿಡಿಸುತ್ತದಾ ಅಂತ ಕೇಳಿ ನೋಡಿ.

ಮೊದಲು ಕೇಳಿದ ತಾಯಿಗೆ ಇನ್ನೊಂದು ಮಾತು. ಬಿಎಚ್‌4 ಪರೀಕ್ಷೆ ಮಾಡಿದ್ದಾರಾ ಅಂತ ಕೇಳಿ. ಲಿವರ್‌ನ ಆ ಕಿಣ್ವ ಕೆಲಸ ಮಾಡಲು ಬೇಕಾದ ವಸ್ತು ಅದು, ಅದರ ಕೊರತೆಯಿಂದಲೂ ಇದೇ ರಿಪೋರ್ಟ್ ಬರುತ್ತದೆ. ಆ ಕಾಯಿಲೆಗೆ ಡಯಟ್ ಒಂದೇ ಸಾಲದು, ಬೇರೆ ಔಷಧಿಯೂ ಬೇಕು.