ಅಡಿಕೆ ಫೋಟೋ ಪೇಪರ್ ಎಸಿಎಂ ಸ್ಯಾಕ್‌ಗೆ ಕಳಿಸಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಜೊತೆಗೆ ಪಾರ್ಟ್ ಟೈಮ್ ಪಿಎಚ್‌ಡಿ. ಮೊಬೈಲ್‌ನಲ್ಲಿ ತೆಗೆದ ಫೋಟೋ ನೋಡಿ ಅಡಿಕೆಯ ದರ್ಜೆ ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಅಂತ ಹೇಳುವ ಕಂಪ್ಯೂಟರ್ ಮಾಡೆಲ್ ಮಾಡಿದ್ದೇವೆ. ಫೋಟೋ ಎಲ್ಲಾ ಮಂಡಿಯಲ್ಲೇ ತೆಗೆದದ್ದು. ಅಕ್ಯುರಸಿ 98 ಪರ್ಸೆಂಟ್ ಬಂದಿದೆ.

ನಮ್ಮ ಗೈಡ್ ಇದರ ಪೇಪರ್ ಅನ್ನು ಕಂಪ್ಯೂಟಿಂಗ್‌ನವರ ಅಂತಾರಾಷ್ಟ್ರೀಯ ಸಂಘ ಎಸಿಎಂನ ಸಿಂಪೋಸಿಯಂ ಆನ್ ಅಪ್ಲೈಡ್ ಕಂಪ್ಯೂಟಿಂಗ್, ಅಂದರೆ ಸ್ಯಾಕ್ ಕಾನ್ಫರೆನ್ಸ್‌ಗೆ ಕಳಿಸಿ ಅನ್ನುತ್ತಿದ್ದಾರೆ. ವೆಬ್‌ಸೈಟ್ ತೆರೆದರೆ ಟ್ರ್ಯಾಕ್‌ಗಳ (ವಿಷಯವಾರು ವಿಭಾಗಗಳ) ಪಟ್ಟಿ ಮುಗಿಯುವುದೇ ಇಲ್ಲ. ನಮ್ಮದು ಯಾವುದಕ್ಕೆ ಸೇರುತ್ತದೆ? ಎರಡು ಟ್ರ್ಯಾಕ್‌ಗೆ ಹಾಕಿದರೆ ಚಾನ್ಸ್ ಜಾಸ್ತಿ ಆಗುತ್ತದಾ? ಖರ್ಚು ಎಷ್ಟಾಗಬಹುದು? ಇದರ ನಡುವೆ ಮೇಲ್‌ಗೆ ದಿನಾ ಒಂದೊಂದು ಕಾನ್ಫರೆನ್ಸ್‌ನ ಕರೆ ಬರುತ್ತದೆ, ದುಡ್ಡು ಕಟ್ಟಿದರೆ ಮೂರೇ ದಿನದಲ್ಲಿ ಅಕ್ಸೆಪ್ಟ್ ಅಂತೆ. ಸಹೋದ್ಯೋಗಿಗಳು ಅದೇ ಸುಲಭ ಅನ್ನುತ್ತಾರೆ.

ಸಾಲುಮನೆ

ಮೇಡಂ, ಮೊದಲು ಆ ಮೂರು ದಿನದವರ ಮೇಲ್ ಡಿಲೀಟ್ ಮಾಡಿ. ಮೂರು ದಿನದಲ್ಲಿ ಯಾರೂ ಪೇಪರ್ ಓದುವುದಿಲ್ಲ. ನಾನು ಕೆಲವು ವರ್ಷಗಳಿಂದ ಇಂಥ ಅಪ್ಲೈಡ್ ಕಾನ್ಫರೆನ್ಸ್‌ಗಳಿಗೆ ರಿವ್ಯೂ ಮಾಡುತ್ತಿದ್ದೇನೆ. ಒಂದು ಪೇಪರ್ ಸರಿಯಾಗಿ ಓದಲು ನನಗೆ ಅರ್ಧ ಭಾನುವಾರ ಬೇಕು.

ಸ್ಯಾಕ್ ಹಳೇ ಕಾನ್ಫರೆನ್ಸ್. 1986ರಲ್ಲಿ ಶುರುವಾಯಿತು, ಎಸಿಎಂನ ಸಿಗ್‌ಆಪ್ ಗುಂಪು ನಡೆಸುತ್ತದೆ. 2024ರಲ್ಲಿ ಸ್ಪೇನ್‌ನ ಆವಿಲಾದಲ್ಲಿ, 2025ರಲ್ಲಿ ಇಟಲಿಯ ಕಟಾನಿಯಾದಲ್ಲಿ ನಡೆಯಿತು. ಪೇಪರ್ ಕಳಿಸುವ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬರುತ್ತದೆ, ಸಭೆ ಮುಂದಿನ ಮಾರ್ಚ್–ಏಪ್ರಿಲ್‌ನಲ್ಲಿ. ಅಲ್ಲಿ ಪ್ರತಿ ಟ್ರ್ಯಾಕ್‌ಗೂ ಬೇರೆ ಮುಖ್ಯಸ್ಥರು, ಬೇರೆ ರಿವ್ಯೂವರ್‌ಗಳು ಇರುತ್ತಾರೆ. ಹಾಗಾಗಿ ನೀವು ಬರೆಯುವುದು ಸ್ಯಾಕ್‌ಗಲ್ಲ, ಒಂದು ಟ್ರ್ಯಾಕ್‌ಗೆ. ಎರಡು ಟ್ರ್ಯಾಕ್‌ಗೆ ಹಾಕುವ ಯೋಚನೆ ಬಿಡಿ, ನಿಯಮದಲ್ಲೇ ಬೇಡ ಅಂದಿದ್ದಾರೆ. ಪ್ರತಿ ಟ್ರ್ಯಾಕ್‌ನ ಕರೆಯಲ್ಲಿ ವಿಷಯಗಳನ್ನು ಬರೆದಿರುತ್ತಾರೆ, ಕಮಿಟಿಯಲ್ಲಿ ಯಾರಿದ್ದಾರೆ ಅಂತಲೂ ಇರುತ್ತದೆ. ಅವರಲ್ಲಿ ಯಾರಾದರೂ ಇಮೇಜ್ ಅಥವಾ ಕೃಷಿ ಡೇಟಾ ಮೇಲೆ ಕೆಲಸ ಮಾಡಿದ್ದಾರಾ ನೋಡಿ. ಹಿಂದಿನ ವರ್ಷ ಅದೇ ಟ್ರ್ಯಾಕ್‌ನಲ್ಲಿ ಬಂದ ಪೇಪರ್‌ಗಳನ್ನೂ ಓದಿ. ಟ್ರ್ಯಾಕ್ ಹೆಸರಿಗಿಂತ ಈ ಎರಡು ನಂಬಿಕೆಗೆ ಅರ್ಹ.

ಈಗ ಆ 98ರ ವಿಷಯ. ನಿಮ್ಮ ಪೇಪರ್ ನನ್ನ ಕೈಗೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ: ಟ್ರೈನ್, ಟೆಸ್ಟ್, ಅಂದರೆ ಮಾಡೆಲ್‌ಗೆ ಕಲಿಸಿದ ಫೋಟೋ, ಪರೀಕ್ಷಿಸಿದ ಫೋಟೋ ಹೇಗೆ ಬೇರೆ ಮಾಡಿದಿರಿ? ಒಂದೇ ಲಾಟ್‌ನ (ಮಾರಾಟಕ್ಕೆ ಒಟ್ಟಿಗೆ ಬಂದ ಅಡಿಕೆಯ) ಹತ್ತಾರು ಫೋಟೋ ತೆಗೆದು, ಎಲ್ಲವನ್ನೂ ಕಲಸಿ, ಸುಮ್ನೆ 80–20 ಅಂತ ಹಂಚಿದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ. ಅದೇ ಲಾಟ್, ಅದೇ ಗೋಣಿಚೀಲ, ಅದೇ ಟ್ಯೂಬ್‌ಲೈಟ್ ಎರಡೂ ಕಡೆ ಇರುತ್ತದೆ. ಮಾಡೆಲ್ ಅಡಿಕೆ ಕಲಿಯಿತೋ ಚೀಲ ಕಲಿಯಿತೋ ಗೊತ್ತಾಗುವುದಿಲ್ಲ. ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಕೊಟ್ಟು ರ‍್ಯಾಂಕ್ ಬಂತು ಅಂದ ಹಾಗೆ. ಒಂದು ಲಾಟ್‌ನ ಫೋಟೋಗಳೆಲ್ಲ ಒಂದೇ ಕಡೆ ಇರುವಂತೆ ಹಂಚಿ. ಇನ್ನೂ ಒಳ್ಳೆಯದು, ಒಂದು ಮಂಡಿಯ ಫೋಟೋದಲ್ಲಿ ಕಲಿಸಿ, ಬೇರೆ ಮಂಡಿಯದರಲ್ಲಿ ಪರೀಕ್ಷಿಸಿ. ಸಂಖ್ಯೆ ಇಳಿಯುತ್ತದೆ. ಇಳಿಯಲಿ ಬಿಡಿ. ಇಳಿದದ್ದು ಯಾಕೆ ಅಂತ ಒಂದು ಪುಟ ಬರೆದರೆ ಅದನ್ನು ನಾನು ಖುಷಿಯಿಂದ ಓದುತ್ತೇನೆ.

ಇನ್ನೊಂದು. ನಿಮ್ಮ ನಾಲ್ಕು ದರ್ಜೆಯ ಬೆಲೆ ಒಂದೇ ಅಲ್ಲ ಅಲ್ವಾ? ಸರಕು ಎಲ್ಲಕ್ಕಿಂತ ದುಬಾರಿ, ಗೊರಬಲು ಎಲ್ಲಕ್ಕಿಂತ ಕೆಳಗೆ. ಸರಕನ್ನು ಬೆಟ್ಟೆ ಅಂದರೆ ಒಂದು ನಷ್ಟ, ಗೊರಬಲು ಅಂದರೆ ಬೆಳೆಗಾರ ಮುಳುಗಿದ. ಅಕ್ಯುರಸಿಗೆ ಎರಡೂ ಒಂದೇ ತಪ್ಪು. ಆ ದಿನದ ಮಾರುಕಟ್ಟೆ ದರ ಇಟ್ಟುಕೊಂಡು, ಕ್ವಿಂಟಾಲಿಗೆ ಎಷ್ಟು ರೂಪಾಯಿ ಹೆಚ್ಚುಕಡಿಮೆ ಆಗುತ್ತದೆ ಅಂತ ಲೆಕ್ಕ ಹಾಕಿ. ಅಪ್ಲೈಡ್ ಅನ್ನುವ ಕಡೆ ಕಳಿಸುವಾಗ ಇದೇ ನಿಮ್ಮ ಬಲ. ನ್ಯೂರಲ್ ನೆಟ್‌ವರ್ಕ್‌ಗೆ ಹೊಸ ಪದರ ಸೇರಿಸಿದ್ದು ಯಾರಿಗೂ ಬೇಕಿಲ್ಲ. ಹಾಗೆಯೇ ದರ್ಜೆ ಹೇಳುವ ಇಬ್ಬರು ಅನುಭವಿಗಳಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಂತೆ ಅದೇ ಲಾಟ್ ತೋರಿಸಿ. ಅವರಿಬ್ಬರೇ ಎಷ್ಟು ಸಲ ಒಪ್ಪುತ್ತಾರೆ ಅಂತ ಗೊತ್ತಾಗದೆ ನಿಮ್ಮ ಮಾಡೆಲ್ ಒಳ್ಳೆಯದಾ ಅಂತ ಹೇಳುವುದು ಕಷ್ಟ.

ಕುಡ್ಲದ ಬೆಂಚು

ಸಾಲುಮನೆ ಸರ್ ಮುಖ್ಯವಾದದ್ದು ಹೇಳಿದ್ದಾರೆ. ನಾನು ಪಿಎಚ್‌ಡಿ ವಿದ್ಯಾರ್ಥಿ, ಗಡುವಿನ ಹಿಂದಿನ ರಾತ್ರಿ ತಲೆ ತಿನ್ನುವ ವಿಷಯಗಳನ್ನು ಸೇರಿಸುತ್ತೇನೆ.

ಪೇಪರ್ ಬರೆಯುವ ಓವರ್‌ಲೀಫ್ ವೆಬ್‌ಸೈಟ್‌ನಲ್ಲಿ ಎಸಿಎಂ ಟೆಂಪ್ಲೇಟ್ ಸಿಗುತ್ತದೆ, ಅದರಲ್ಲಿ ಎರಡು ಕಾಲಂನ ಕಾನ್ಫರೆನ್ಸ್ ರೂಪ ತಗೊಳ್ಳಿ. ಪೂರ್ಣ ಪೇಪರ್‌ಗೆ 8 ಪುಟ. ಇನ್ನೂ 2 ಪುಟ ಬೇಕಿದ್ದರೆ ಹೆಚ್ಚಿನ ದುಡ್ಡು ಕಟ್ಟಬೇಕು. ಪೂರ್ಣ ಪೇಪರ್ ಆಗಿ ತಗೊಳ್ಳದ ಕೆಲವನ್ನು ಪೋಸ್ಟರ್ ಆಗಿ ಕರೆಯುತ್ತಾರೆ, ಬೇಸರ ಮಾಡಿಕೊಳ್ಳಬೇಡಿ.

ರಿವ್ಯೂ ಡಬಲ್ ಬ್ಲೈಂಡ್, ಬರೆದವರು ಯಾರು ಅಂತ ಓದುವವರಿಗೂ ಓದುವವರು ಯಾರು ಅಂತ ಬರೆದವರಿಗೂ ಗೊತ್ತಿರಬಾರದು. ಹೆಸರು, ಕಾಲೇಜು ತೆಗೆದರೆ ಸಾಲದು. ಧನ್ಯವಾದದ ಪ್ಯಾರಾ, ನಿಮ್ಮ ಹೆಸರಿರುವ ಗಿಟ್‌ಹಬ್ ಲಿಂಕ್, ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ಕೂತಿರುವ ಹೆಸರು, ಎಲ್ಲಾ ನೋಡಿ. ನಿಮ್ಮದೇ ಹಳೇ ಪೇಪರ್ ಇದ್ದರೆ "ನಾವು ಹಿಂದೆ ತೋರಿಸಿದಂತೆ" ಅನ್ನಬೇಡಿ, ಬೇರೆಯವರದ್ದನ್ನು ಹೇಳಿದ ಹಾಗೇ ಬರೆಯಿರಿ.

ಖರ್ಚು: ಅಕ್ಸೆಪ್ಟ್ ಆದ ಪೇಪರ್‌ಗೆ ಒಬ್ಬರು ರಿಜಿಸ್ಟರ್ ಆಗಿ, ಹೋಗಿ ಮಾತಾಡಲೇಬೇಕು. ಯಾರೂ ಹೋಗದಿದ್ದರೆ ಎಸಿಎಂ ಪೇಪರ್‌ಗಳನ್ನು ಪ್ರಕಟಿಸುವ ಡಿಜಿಟಲ್ ಲೈಬ್ರರಿಯಲ್ಲಿ ನಿಮ್ಮ ಪೇಪರ್ ಇರುವುದಿಲ್ಲ. ಇದರ ಮೇಲೆ ಇನ್ನೊಂದು ಬಂದಿದೆ. 2026ರ ಜನವರಿಯಿಂದ ಎಸಿಎಂ ಪೂರ್ತಿ ಓಪನ್ ಆಕ್ಸೆಸ್, ಅಂದರೆ ಓದುವವರು ದುಡ್ಡು ಕೊಡಬೇಕಿಲ್ಲ. ಕರೆಸ್ಪಾಂಡಿಂಗ್ ಲೇಖಕರ (ಪತ್ರವ್ಯವಹಾರ ನಡೆಸುವವರ) ಸಂಸ್ಥೆ, ಸಂಸ್ಥೆಯೇ ದುಡ್ಡು ಕಟ್ಟುವ ಎಸಿಎಂ ಓಪನ್ ಯೋಜನೆಯಲ್ಲಿ ಇಲ್ಲದಿದ್ದರೆ ಪ್ರಕಟಣೆಗೂ ಶುಲ್ಕ ಬೀಳಬಹುದು. ಕಳಿಸುವ ಮುಂಚೆಯೇ ನಿಮ್ಮ ಲೈಬ್ರರಿಯನ್‌ಗೆ ಕೇಳಿ. ಪ್ರಯಾಣಕ್ಕೆ ಎಸಿಎಂ ಇಂಡಿಯಾ ಮತ್ತು ಐಎಆರ್‌ಸಿಎಸ್ (ಕಂಪ್ಯೂಟರ್ ವಿಜ್ಞಾನ ಸಂಶೋಧನೆಯ ಭಾರತೀಯ ಸಂಘ) ಕೊಡುವ ನೆರವು ಇದೆ, ಅದರ ಷರತ್ತು ನೋಡಿ. ವೀಸಾ ಬೇರೆ. ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ) ದೇಶ ಆದರೆ ಅಕ್ಸೆಪ್ಟ್ ಮೇಲ್ ಬಂದ ವಾರದಲ್ಲೇ ಆಹ್ವಾನ ಪತ್ರ ಕೇಳಿಬಿಡಿ.

ತುಂಗಾತೀರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫೋಟೋಗಳ ಫೈಲ್ ಹೆಸರಲ್ಲಿ ತಾರೀಖು ಇದೆ, ಲಾಟ್ ನಂಬರ್ ಇಲ್ಲ. ಅದೇ ದಿನ, ಅದೇ ಮಂಡಿಯದ್ದನ್ನು ಒಂದು ಗುಂಪು ಅಂದುಕೊಳ್ಳಬಹುದಾ? ಡಬಲ್ ಬ್ಲೈಂಡ್ ಅಂದಮೇಲೆ ಶಿವಮೊಗ್ಗ ಅನ್ನುವ ಹೆಸರನ್ನೂ ತೆಗೆಯಬೇಕಾ? ತೆಗೆದರೆ ಸರಕು, ಗೊರಬಲು ಯಾವ ಊರಿನ ಲೆಕ್ಕ ಅಂತ ಓದುವವರಿಗೆ ತಿಳಿಯುವುದೇ ಇಲ್ಲ.

ಸಾಲುಮನೆ

ದಿನ ಮತ್ತು ಮಂಡಿ ಸೇರಿಸಿ ಗುಂಪು ಮಾಡಿದರೆ ಧಾರಾಳ ಸಾಕು. ಲಾಟ್ ನಂಬರ್ ಇರಲಿಲ್ಲ, ಅದಕ್ಕೆ ಹೀಗೆ ಮಾಡಿದೆವು ಅಂತ ಪೇಪರ್‌ನಲ್ಲೇ ಒಂದು ಸಾಲು ಹಾಕಿ.

ಊರಿನ ಹೆಸರು ಇರಲಿ. ಶಿವಮೊಗ್ಗದ ಅಡಿಕೆ ಬಗ್ಗೆ ಯಾರು ಬೇಕಾದರೂ ಬರೆಯಬಹುದು, ಅದರಿಂದ ನೀವು ಯಾರು ಅಂತ ಹೊರಬೀಳುವುದಿಲ್ಲ. "ನಮ್ಮ ಕಾಲೇಜಿನ ಪಕ್ಕದ ಮಂಡಿ" ಅನ್ನುವಂಥ ಮಾತು ಮಾತ್ರ ಬೇಡ. ಫೋಟೋ ತೆಗೆಯಲು ಮಂಡಿಯವರ ಒಪ್ಪಿಗೆ ಪಡೆದಿದ್ದರೆ ಅದನ್ನೂ ಬರೆಯಿರಿ, ಮಂಡಿ ಹೆಸರು ಬಿಟ್ಟು. ಹೊಸ ಹಂಚಿಕೆಯಲ್ಲಿ ಎಷ್ಟು ಬಂತು ಅಂತ ಇಲ್ಲೇ ಹಾಕಿ, 85 ಬಂದರೂ ಹಾಕಿ.