ಐ-70ರಲ್ಲಿ ಟ್ರಕ್ಕಿಗೆ ಹಿಮದ ಚೈನ್: ಎಷ್ಟು ಟೈರಿಗೆ, ಹಾಕೋದು ಹೇಗೆ?

ಡೆನ್ವರ್_ಲೋಡ್:
ಮುಂದಿನ ವಾರದಿಂದ ಅಮೆರಿಕದ ಕೊಲೊರಾಡೋದಲ್ಲಿ ಐ-70 ಹೆದ್ದಾರಿ ಮೇಲೆ ಡೆನ್ವರ್–ಗ್ರ್ಯಾಂಡ್ ಜಂಕ್ಷನ್ ಓಡಿಸಬೇಕು. ಟ್ರ್ಯಾಕ್ಟರಿಗೆ (ಟ್ರೇಲರ್ ಎಳೆಯೋ ಮುಂದಿನ ಗಾಡಿ) ಎರಡು ಡ್ರೈವ್ ಆಕ್ಸಲ್ (ಇಂಜಿನ್ ತಿರುಗಿಸೋ ಅಚ್ಚು), ಹಿಂದೆ 53 ಅಡಿ ಟ್ರೇಲರ್, ಟೈರ್ ಅಳತೆ 295/75ಆರ್22.5. ಎರಡು ಚೀಲ ಚೈನ್ ಸೀಟಿನ ಹಿಂದೆ ಬಿದ್ದಿದೆ. ಎಂಟೂ ಡ್ರೈವ್ ಟೈರಿಗೆ ಹಾಕಬೇಕಾ? ಟ್ರೇಲರಿಗೆ? ಹಾಕೋ ಕ್ರಮ ಗೊತ್ತಿರೋರು ದಯವಿಟ್ಟು ಹೇಳಿ.

ಮೈಲಿಗಲ್ಲು259:
ನಾಲ್ಕು ಡ್ರೈವ್ ಟೈರ್ ಸಾಕು, ಕೊಲೊರಾಡೋದಲ್ಲಿ ಟ್ರೇಲರಿಗೆ ಕೇಳೋದಿಲ್ಲ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ಕಡೆ ಹೋದರೆ ಟ್ರೇಲರಿಗೂ ಬೇಕು, ಅದು ಬೇರೆ ಲೆಕ್ಕ. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಡೆನ್ವರ್ ಹತ್ತಿರದ ಮಾರಿಸನ್ ದಾಟಿ ಪಶ್ಚಿಮಕ್ಕೆ ಹೊರಟ ಕಮರ್ಷಿಯಲ್ ಗಾಡಿಯಲ್ಲಿ ಚೈನ್ ಇರಲೇಬೇಕು, ಬಿಸಿಲು ಹೊಡೀತಿದ್ದರೂ ಸರಿ. ಚೈನ್ ನಿಯಮದ ಕೋಡ್ 17 ಜಾರಿಗೆ ಬಂದರೆ ನಿಮ್ಮಂಥ ಎರಡು ಡ್ರೈವ್ ಆಕ್ಸಲ್ ಗಾಡಿಗೆ ಸ್ನೋ ಟೈರ್ ಇದ್ದರೆ ನಡೆಯುತ್ತೆ. ಕೋಡ್ 18 ಬಂದರೆ ಎಲ್ಲ ಕಮರ್ಷಿಯಲ್ ಗಾಡಿಗೂ ಚೈನ್. ಇಟ್ಟುಕೊಳ್ಳದಿದ್ದರೆ ದಂಡ 50 ಡಾಲರ್, ಹಾಕದಿದ್ದರೆ 500, ಹಾಕದೆ ಸಿಕ್ಕಿಕೊಂಡು ರಸ್ತೆ ಕಟ್ಟಿದರೆ 1,000. ಇದರ ಮೇಲೆ ಸರ್‌ಚಾರ್ಜ್ ಬೇರೆ.

ಮೊದಲು ಚೀಲ ಸುರಿದು ನೋಡಿ. ಉದ್ದಕ್ಕೆ ಮೂರು ಸಾಲು ಸರಪಳಿ ಇದ್ದರೆ ಅದು ಜೋಡಿ ಟೈರಿನದು, ಎರಡು ಸಾಕು. ಎರಡೇ ಸಾಲು ಇದ್ದರೆ ನಾಲ್ಕು ಬೇಕು.

ಕ್ಯಾಮ್_ಕೀ:
ಹಾಕೋದನ್ನ ಯಾರ್ಡಿನಲ್ಲೇ ಒಂದು ಸಲ ಕಲಿತುಬಿಡಿ, ಕತ್ತಲಲ್ಲಿ ಹಿಮ ಸುರಿಯುವಾಗಲ್ಲ. ದಾರಿಯಲ್ಲಿ ಚೈನ್ ಸ್ಟೇಷನ್ನಿಗೇ (ಚೈನ್ ಹಾಕೋಕೆ ರಸ್ತೆಬದಿಯಲ್ಲಿ ಬಿಟ್ಟ ಜಾಗ) ಎಳೆದು ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಮಿನುಗುವ ಜಾಕೆಟ್ ತೊಡಿ. ಚೈನನ್ನು ನೆಲದ ಮೇಲೆ ಹಾಸಿ ತಿರುಚು ಬಿಡಿಸಿ. ಅಡ್ಡ ಸರಪಳಿಯ ಕೊಕ್ಕೆಗಳ ಬಾಯಿ ಟೈರಿನಿಂದ ಆಚೆಗೆ ತಿರುಗಿರಬೇಕು, ಒಳಮುಖವಾದರೆ ಸೈಡ್‌ವಾಲ್ ಕೊರೆಯುತ್ತೆ. ಕ್ಯಾಮ್‌ಗಳೆಲ್ಲ (ತಿರುಗಿಸಿ ಚೈನ್ ಬಿಗಿಮಾಡೋ ಬಿಲ್ಲೆಗಳು) ಸಡಿಲವಾಗಿ, ಹೊರಗಡೆಗೆ ಬರಲಿ. ಟೈರಿನ ಮೇಲೆ ಹೊದಿಸಿ, ಎರಡು ತುದಿ ಸೇರದಿದ್ದರೆ ಗಾಡಿಯನ್ನ ಅಡಿಯಷ್ಟು ಮುಂದೆ ಉರುಳಿಸಿ. ಕೊಂಡಿ ಸಿಕ್ಕಿಸುವಾಗ ಮೊದಲು ಒಳಗಿನದು, ಕೈಗೆ ಎಷ್ಟು ಬಿಗಿ ಬರುತ್ತೋ ಅಷ್ಟು; ಕೊನೆಗೆ ಹೊರಗಿನದು. ಎರಡು ಕಡೆಯೂ ಉಳಿದ ಕೊಂಡಿಗಳ ಎಣಿಕೆ ಒಂದೇ ಇರಲಿ, ಇಲ್ಲವಾದರೆ ಚೈನ್ ಒಂದು ಪಕ್ಕಕ್ಕೆ ಸರಿದುಹೋಗುತ್ತೆ. ಆಮೇಲೆ ಕೀ ಹಾಕಿ ಕ್ಯಾಮ್ ತಿರುಗಿಸಿ. ರಬ್ಬರ್ ಬಂಜಿ (ಕೊಕ್ಕೆ ಇರೋ ಎಳೆಯುವ ಪಟ್ಟಿ) ಕೊನೆಗೆ, ಅದರ ಕೊಕ್ಕೆಯೂ ಹೊರಮುಖ.

ಅರ್ಧ ಮೈಲಿ ಹೋಗಿ ನಿಲ್ಲಿಸಿ ಮತ್ತೆ ಬಿಗಿಮಾಡಿ. ಇದನ್ನ ಬಿಟ್ಟವರ ಚೈನೇ ರಸ್ತೆಬದಿಯಲ್ಲಿ ಬಿದ್ದಿರೋದು.

ಮೈಲಿಗಲ್ಲು259:
ಬಂಜಿ ಚೈನ್ ಹಿಡಿಯೋದಿಲ್ಲ, ಉಳಿದ ಸಡಿಲ ಎಳೆಯೋಕಷ್ಟೇ. ಚೈನ್ ಇದ್ದಾಗ ಗಂಟೆಗೆ 30 ಮೈಲಿ ವೇಗ ಮೀರಬೇಡಿ. ಐಸೆನ್‌ಹೋವರ್ ಸುರಂಗದೊಳಗೆ ಸುಮಾರು 1.7 ಮೈಲಿ ರಸ್ತೆ ಒಣಗಿರುತ್ತೆ, ಅಲ್ಲಿ ಇನ್ನೂ ನಿಧಾನ. ಟಪ್ ಟಪ್ ಅಂತ ಒಂದೇ ತಾಳದಲ್ಲಿ ಸದ್ದು ಕೇಳಿದರೆ ಅಡ್ಡ ಸರಪಳಿ ತುಂಡಾಗಿದೆ ಅಂತಲೇ ಲೆಕ್ಕ. ಹಾಗೇ ಎಳೆದರೆ ಮಡ್‌ಫ್ಲ್ಯಾಪ್, ಫೆಂಡರ್, ಕೆಲವೊಮ್ಮೆ ಏರ್ ಪೈಪ್ ಕೂಡ ಹೋಗುತ್ತೆ.

ಡೆನ್ವರ್_ಲೋಡ್:
ಮೂರು ಸಾಲಿನವೇ, ಎರಡಿವೆ. ಆದರೆ ಚೀಟಿಯಲ್ಲಿ 11ಆರ್24.5 ಅಂತಿದೆ. ಕೊಂಡಿ ಬಿಟ್ಟು ಬಿಗಿ ಮಾಡಿದರೆ ಆಗೋದಿಲ್ವಾ?

ಕ್ಯಾಮ್_ಕೀ:
ಆಗೋದಿಲ್ಲ. ನಿಮ್ಮ ಟೈರಿಗೆ ಅದು ದೊಡ್ಡದು, ಕ್ಯಾಮ್ ಪೂರ್ತಿ ತಿರುಗಿಸಿದರೂ ಜೋಲುತ್ತೆ, ಉಳಿದ ಕೊಂಡಿ ಬೀಸಿ ಹೊಡೆಯುತ್ತೆ. ಹೊರಡೋಕೆ ಮುಂಚೆ ಬದಲಾಯಿಸಿ ಕೊಡೋಕೆ ಹೇಳಿ. ಜೊತೆಗೆ ಎರಡು ಬಿಡಿ ಅಡ್ಡ ಸರಪಳಿ, ಕೊಕ್ಕೆ ಬಿಚ್ಚೋ ಇಕ್ಕಳ ಇಸ್ಕೊಳ್ಳಿ.