ಸಣ್ಣ ನಗರದ ವಿಮಾನ ನಿಲ್ದಾಣದಲ್ಲಿ ಏಳು ಗಂಟೆಗಳ ಬಿಡುವು: ಹೊರಗೆ ಹೋಗಿ ಬರಬಹುದೇ?

ದಾರಿಹೋಕ (ಪ್ರಶ್ನೆ):

ಮುಂದಿನ ತಿಂಗಳು ನಾನು ನನ್ನ ತಾಯಿಯವರೊಂದಿಗೆ ವಿದೇಶ ಪ್ರಯಾಣ ಕೈಗೊಳ್ಳಲಿದ್ದೇನೆ. ದಾರಿಯಲ್ಲಿ ಒಂದು ಸಣ್ಣ ನಗರದಲ್ಲಿ ವಿಮಾನ ಬದಲಿಸಬೇಕಾಗಿದ್ದು, ಬೆಳಿಗ್ಗೆ 10.20ಕ್ಕೆ ಇಳಿದರೆ ಮುಂದಿನ ವಿಮಾನ ಇರುವುದು ಸಂಜೆ 5.10ಕ್ಕೆ. ಎರಡೂ ಒಂದೇ ಟಿಕೆಟ್‌ನಲ್ಲಿವೆ. ನಿಲ್ದಾಣದಲ್ಲಿ ಒಂದೆರಡು ಅಂಗಡಿಗಳು ಮತ್ತು ಕುರ್ಚಿಗಳ ಸಾಲು ಬಿಟ್ಟರೆ ಮತ್ತೇನೂ ಇದ್ದಂತಿಲ್ಲ. ಊರು ಹತ್ತು ಕಿಲೋಮೀಟರ್ ದೂರದಲ್ಲಿದೆ. ತಾಯಿಯವರಿಗೆ ಮಂಡಿನೋವು ಇರುವುದರಿಂದ ನಿಧಾನವಾಗಿ ನಡೆಯಬಲ್ಲರೇ ಹೊರತು ಹೆಚ್ಚು ಹೊತ್ತು ನಿಲ್ಲಲಾರರು. ಇಷ್ಟು ಸಮಯದಲ್ಲಿ ಊರು ನೋಡಿ ಬರುವುದು ಜಾಣತನವೇ, ಅಥವಾ ಒಳಗೇ ಕುಳಿತಿರುವುದು ಮೇಲೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ರಹದಾರಿ:

ಸಮಯದ ಲೆಕ್ಕಕ್ಕಿಂತ ಮೊದಲು ಅನುಮತಿಯ ಲೆಕ್ಕ ಹಾಕಿಕೊಳ್ಳಿ. ವಿಮಾನ ಬದಲಿಸಲು ನಿಲ್ದಾಣದೊಳಗೆ ಇರಬಹುದು ಎಂದ ಮಾತ್ರಕ್ಕೆ ಬಾಗಿಲು ದಾಟಿ ಊರಿಗೆ ಹೋಗಬಹುದು ಎಂದಾಗುವುದಿಲ್ಲ. ಅದಕ್ಕೆ ಆ ದೇಶದ ವೀಸಾ ಬೇಕು, ಇಲ್ಲವೇ ನಿಮ್ಮ ಪಾಸ್‌ಪೋರ್ಟಿಗೆ ಅಲ್ಲಿ ವೀಸಾರಹಿತ ಪ್ರವೇಶ ಇರಬೇಕು. ವೀಸಾ ಇದ್ದರೂ ಅದು ಒಂದೇ ಬಾರಿಯ ಪ್ರವೇಶಕ್ಕೆ ಕೊಟ್ಟದ್ದೇ ಎಂದು ನೋಡಿಕೊಳ್ಳಿ, ಏಕೆಂದರೆ ಎರಡು ಗಂಟೆ ತಿರುಗಾಡಲು ಹೊರಬಂದರೂ ಇಮಿಗ್ರೇಷನ್ ಅಧಿಕಾರಿ ಮುದ್ರೆ ಒತ್ತಿದ ಕ್ಷಣಕ್ಕೆ ಆ ಒಂದು ಪ್ರವೇಶ ಮುಗಿದುಹೋಗುತ್ತದೆ. ಇನ್ನೊಂದು ತೊಡಕು ಸಣ್ಣ ನಿಲ್ದಾಣಗಳದ್ದೇ. ಕೆಲವೆಡೆ ಒಳಗಿನಿಂದಲೇ ವಿಮಾನ ಬದಲಿಸುವ ಪ್ರತ್ಯೇಕ ದಾರಿಯೇ ಇರುವುದಿಲ್ಲ. ಬೇಕೋ ಬೇಡವೋ ಎಲ್ಲರೂ ಇಮಿಗ್ರೇಷನ್ ದಾಟಿ ಹೊರಬಂದು ಮತ್ತೆ ಒಳಗೆ ಹೋಗಬೇಕು. ಇದನ್ನು ವಿಮಾನ ಸಂಸ್ಥೆಯಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಲಗೇಜಿನ ವಿಷಯದಲ್ಲಿ, ಮೊದಲ ಚೆಕ್-ಇನ್ ಕೌಂಟರಿನಲ್ಲಿ ಬ್ಯಾಗಿಗೆ ಕಟ್ಟುವ ಚೀಟಿಯ ಮೇಲಿನ ಮೂರಕ್ಷರದ ಸಂಕೇತ ನಿಮ್ಮ ಕೊನೆಯ ನಿಲ್ದಾಣದ್ದೇ ಎಂದು ಕಣ್ಣಾರೆ ಕಂಡ ಮೇಲೆಯೇ ಅಲ್ಲಿಂದ ಕದಲಿ. ಆದರೂ ದೇಶದ ನಿಯಮ ಚೀಟಿಗಿಂತ ದೊಡ್ಡದು: ಅಮೆರಿಕದಲ್ಲಿ ಹೊರದೇಶದಿಂದ ಬಂದವರು ಮುಂದಿನ ಊರಿಗೆ ಚೀಟಿ ಇದ್ದರೂ ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲೇ ಬ್ಯಾಗು ಪಡೆದು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕಾಗುತ್ತದೆ.

ಇವೆಲ್ಲ ಸರಿಯಿದ್ದರೆ ಲೆಕ್ಕ ಹೀಗಿದೆ. ಸರತಿ ಸಾಲು ದಾಟಿ ಹೊರಬರುವಾಗ 11.05 ಆಗಿರುತ್ತದೆ, ವಾಹನ ಹಿಡಿದು ಊರು ಸೇರುವುದು 11.45ಕ್ಕೆ. ಬಹಳಷ್ಟು ಸಂಸ್ಥೆಗಳು ಹೊರಡುವ ಸಮಯಕ್ಕೆ 15–20 ನಿಮಿಷ ಮುಂಚೆಯೇ ಗೇಟು ಮುಚ್ಚುವುದರಿಂದಲೂ, ಭದ್ರತಾ ತಪಾಸಣೆ ಮತ್ತು ಇಮಿಗ್ರೇಷನ್ ಎರಡನ್ನೂ ಹೊಸದಾಗಿ ದಾಟಬೇಕಾಗಿರುವುದರಿಂದಲೂ 3.10ಕ್ಕೆಲ್ಲ ನಿಲ್ದಾಣದಲ್ಲಿರುವುದು ಕ್ಷೇಮ. ಅಂದರೆ ಊರನ್ನು 2.30ಕ್ಕೆ ಬಿಡಬೇಕು. ಏಳು ಗಂಟೆ ಎಂದು ಕಾಣುವುದು ಕೈಗೆ ಸಿಗುವಾಗ ಎರಡೂಮುಕ್ಕಾಲು ಗಂಟೆಯಾಗಿರುತ್ತದೆ. ಅದರಲ್ಲಿ ಒಂದೇ ಜಾಗ ಆರಿಸಿಕೊಳ್ಳಿ.

ಕಿಟಕಿ ಸೀಟು:

ಮೇಲಿನವರ ಲೆಕ್ಕ ಸರಿ, ಆದರೆ ಹೋಗುವ ನಲವತ್ತು ನಿಮಿಷವೂ ಬರುವ ನಲವತ್ತು ನಿಮಿಷವೂ ಒಂದೇ ಎಂದು ಭಾವಿಸಿದ್ದಾರೆ. ಸಣ್ಣ ಊರುಗಳಲ್ಲಿ ಹಾಗಿರುವುದಿಲ್ಲ. ವಿಮಾನ ಇಳಿಯುವ ಹೊತ್ತಿಗೆ ಟ್ಯಾಕ್ಸಿಯವರೆಲ್ಲ ನಿಲ್ದಾಣದ ಮುಂದೆ ಕಾಯುತ್ತಿರುತ್ತಾರೆ. ಆದರೆ ಮಧ್ಯಾಹ್ನ ಊರೊಳಗಿನಿಂದ ನಿಲ್ದಾಣಕ್ಕೆ ಹೋಗುವವರು ಎಷ್ಟು ಜನ? ಒಮ್ಮೆ ನಾನು ಇಂಥದೇ ಬಿಡುವಿನಲ್ಲಿ ಹಳೆಯ ಪೇಟೆಯ ಬೀದಿಗಳನ್ನು ಸುತ್ತಿ, ಹಿಂದಿರುಗಲು ಮೊಬೈಲಿನಲ್ಲಿ ಆ್ಯಪ್ ತೆರೆದರೆ ಇಡೀ ನಕ್ಷೆಯಲ್ಲಿ ಒಂದೇ ಒಂದು ಕಾರಿನ ಗುರುತು ಕಂಡಿತು, ಅದೂ ವಿಮಾನ ನಿಲ್ದಾಣದ ಪಕ್ಕದಲ್ಲಿಯೇ. ಬಸ್ಸು ಗಂಟೆಗೊಂದು. ಕೊನೆಗೆ ಯಾರೋ ಪುಣ್ಯಾತ್ಮರ ವಾಹನದಲ್ಲಿ, ಬೆವರು ಒರೆಸಿಕೊಳ್ಳುತ್ತ, ಗೇಟು ಮುಚ್ಚುವ ಮುನ್ನ ತಲುಪಿದೆ. ಅಂದಿನಿಂದ ನನ್ನನ್ನು ಊರಿಗೆ ಕರೆದೊಯ್ದ ಚಾಲಕರನ್ನೇ ಮರಳಿ ಬರಲು ಗೊತ್ತುಮಾಡಿಕೊಂಡು, ಅವರು ಹೇಳಿದ ಜಾಗದ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಹಿಂದಿರುಗುವ ಏರ್ಪಾಡು ಆಗದೆ ನಿಲ್ದಾಣ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೋರ್ಡಿಂಗ್ ಪಾಸಿನಲ್ಲಿರುವುದು ಆ ಊರಿನ ಸಮಯ. ಕೈಗಡಿಯಾರವನ್ನು ಇಳಿದ ಕೂಡಲೇ ಹೊಂದಿಸಿಕೊಳ್ಳಿ.

ನಿಧಾನಗತಿ:

ತಾಯಿಯವರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಎರಡು ಮಾತು. ವಿಮಾನ ಸಂಸ್ಥೆಗೆ ಮುಂಚಿತವಾಗಿ, ಸಾಧ್ಯವಾದರೆ 48 ಗಂಟೆಗಳ ಮೊದಲೇ ತಿಳಿಸಿದರೆ ಗಾಲಿಕುರ್ಚಿಯ ನೆರವು ಸಿಗುತ್ತದೆ. ಉದ್ದನೆಯ ಸಾಲುಗಳಲ್ಲಿ ನಿಲ್ಲುವ ಕಷ್ಟವೂ ಎಷ್ಟೋ ತಪ್ಪುತ್ತದೆ. ಆದರೆ ಆ ಕುರ್ಚಿ ನಿಲ್ದಾಣದ ಆಸ್ತಿ, ಬಾಗಿಲಿನವರೆಗೆ ಮಾತ್ರ ಬರುತ್ತದೆ. ಹೊರಗೆ ಕಲ್ಲುಹಾಸಿನ ಬೀದಿಯಲ್ಲಿ ಅವರು ನಡೆಯಬೇಕಾದವರೇ. ಆದ್ದರಿಂದ ವಾಹನ ಹತ್ತಿರದವರೆಗೆ ಹೋಗುವ, ಕೂರಲು ಬೆಂಚು ಇರುವ ಉದ್ಯಾನವನ್ನೋ ನೀರಿನ ದಂಡೆಯನ್ನೋ ಆರಿಸಿಕೊಳ್ಳಿ. ವಸ್ತುಸಂಗ್ರಹಾಲಯವಾದರೆ ವಾರದ ರಜೆ ಯಾವ ದಿನವೆಂದು ನೋಡಿಕೊಳ್ಳಿ. ಸೋಮವಾರ ಬಾಗಿಲು ಹಾಕುವಂಥವು ಬಹಳ.

ಇಂಥ ನಿಲ್ದಾಣಗಳಿಂದ ಹಾರುವ ಚಿಕ್ಕ ವಿಮಾನಗಳಲ್ಲಿ ತಲೆಯ ಮೇಲಿನ ಜಾಗ ಕಡಿಮೆಯಿರುವುದರಿಂದ ಕೈಸಾಮಾನಿನ ಟ್ರಾಲಿಯನ್ನು ಕೆಲವೊಮ್ಮೆ ವಿಮಾನದ ಬಾಗಿಲಿನಲ್ಲೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ತಾಯಿಯವರ ಮಾತ್ರೆಗಳು ಮತ್ತು ಪವರ್ ಬ್ಯಾಂಕ್ ಥಟ್ಟನೆ ಎತ್ತಿಕೊಳ್ಳುವಂತೆ ಬೇರೆ ಚೀಲದಲ್ಲಿರಲಿ. ಪವರ್ ಬ್ಯಾಂಕನ್ನು ಕೆಳಗಿನ ಲಗೇಜಿಗೆ ಹಾಕುವಂತೆಯೇ ಇಲ್ಲ.

ದಾರಿಹೋಕ:

ಎಲ್ಲರಿಗೂ ಕೃತಜ್ಞತೆಗಳು. ರಹದಾರಿಯವರ ಮಾತು ಓದಿ ವೀಸಾ ತೆರೆದು ನೋಡಿದೆ. ನಮ್ಮದು ಒಂದೇ ಪ್ರವೇಶದ್ದು, ಮತ್ತು ಹಿಂದಿರುಗುವಾಗ ಅದೇ ದೇಶದಲ್ಲಿ ಬಂಧುಗಳ ಮನೆಯಲ್ಲಿ ನಾಲ್ಕು ದಿನ ಉಳಿಯುವ ಏರ್ಪಾಡಾಗಿದೆ. ಎರಡೂಮುಕ್ಕಾಲು ಗಂಟೆಯ ಸುತ್ತಾಟಕ್ಕೆ ಆ ನಾಲ್ಕು ದಿನಗಳನ್ನು ಕಳೆದುಕೊಳ್ಳುತ್ತಿದ್ದೆ. ಒಳಗಿನಿಂದಲೇ ವಿಮಾನ ಬದಲಿಸುವ ದಾರಿ ಅಲ್ಲಿದೆ ಎಂದು ವಿಮಾನ ಸಂಸ್ಥೆಯವರು ಇಮೇಲ್‌ನಲ್ಲಿ ಖಚಿತಪಡಿಸಿದ್ದಾರೆ, ಆದ್ದರಿಂದ ಹೋಗುವಾಗ ಕುರ್ಚಿಗಳ ಸಾಲೇ ಗತಿ. ಗಾಲಿಕುರ್ಚಿಗೆ ಈಗಷ್ಟೇ ಮನವಿ ಸಲ್ಲಿಸಿದ್ದೇನೆ. ತಾಯಿಯವರು ಅರ್ಧ ಹೆಣೆದ ಸ್ವೆಟರನ್ನು ಕೈಚೀಲಕ್ಕೆ ಹಾಕಿಕೊಳ್ಳುತ್ತಾರಂತೆ. ಹೆಣಿಗೆಯ ಕಡ್ಡಿಗಳನ್ನು ತಪಾಸಣೆಯಲ್ಲಿ ಬಿಡುತ್ತಾರೆಯೇ?

ನಿಧಾನಗತಿ:

ಅನೇಕ ಕಡೆ ಬಿಡುತ್ತಾರೆ, ಆದರೆ ಅಂತಿಮ ತೀರ್ಮಾನ ಅಲ್ಲಿ ನಿಂತಿರುವ ತಪಾಸಣೆಯವರದೇ. ಲೋಹದ್ದರ ಬದಲು ಬಿದಿರಿನದೋ ಪ್ಲಾಸ್ಟಿಕ್‌ನದೋ ಒಯ್ಯಲಿ, ಮತ್ತು ಕಡ್ಡಿ ಹೋದರೂ ಹೆಣಿಗೆ ಬಿಚ್ಚಿಹೋಗದಂತೆ ಕುಣಿಕೆಗಳೊಳಗೆ ಒಂದು ದಾರ ಪೋಣಿಸಿಟ್ಟುಕೊಂಡಿರಲಿ.